ಕೋಲಾರದ ಕೆರೆ ಫೋಟೋಗಳು, ಮೂರು ಬಗೆಯ ಕಂಪ್ಯೂಟರ್, ಒಂದೇ ಸಿ ಪ್ರೋಗ್ರಾಂ

ಕೋಲಾರ ಜಿಲ್ಲೆಯ ಕೆರೆಗಳ ಫೋಟೋಗಳನ್ನು ನಾವು ಕೆಲವರು ಸೇರಿ ಒಂದು ಕಡೆ ಕೂಡಿಡುತ್ತಿದ್ದೇವೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಹರಿಯಲು ಶುರುವಾಯಿತು. ಹಳೇ ಫೋಟೋಗಳ ಬೆಲೆ ಆಗ ಗೊತ್ತಾಯಿತು. ಜಾಲಿ ಬೆಳೆದಿದ್ದ ಕೆರೆ ಹೇಗಿತ್ತು, ನೀರು ಬಂದ ಮೇಲೆ ಹೇಗಾಯಿತು, ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಕಟ್ಟೆ ಎಲ್ಲಿ ಕುಸಿದಿದೆ, ಇದೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಫೋಲ್ಡರ್‌ಗಳನ್ನು ಜಿಲ್ಲೆ, ತಾಲ್ಲೂಕು, ಊರು, ವರ್ಷ ಎಂದು ಜೋಡಿಸಿದ್ದೇವೆ. ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಊರವರೇ ಬಂದು ನೋಡುವಾಗ ಬೇರೆ ಲಿಪಿಯಲ್ಲಿ ಯಾಕೆ ಇರಬೇಕು, ಅಲ್ವಾ?

ಕ್ಯಾಮೆರಾ ಕಾರ್ಡಿನಿಂದ ಫೋಟೋ ತೆಗೆದು ಸರಿಯಾದ ಫೋಲ್ಡರ್‌ಗೆ ಹಾಕಿ, ಕೊನೆಗೆ ಒಂದು ಪಟ್ಟಿ ಬರೆಯುವ ಸಣ್ಣ ಪ್ರೋಗ್ರಾಂ ನನ್ನ ಹತ್ತಿರ ಇದೆ. ಸಿ ಭಾಷೆಯಲ್ಲಿದೆ, ಲಿನಕ್ಸ್‌ನಲ್ಲಿ ಮಾತ್ರ ಓಡುತ್ತಿತ್ತು. ಈಗ ಅದು ಮೂರು ಕಡೆ ಓಡಬೇಕು. ಕೋಲಾರದಲ್ಲಿ ನನ್ನ ಉಬುಂಟು ಲ್ಯಾಪ್‌ಟಾಪ್. ಮುಳಬಾಗಿಲಿನ ಗೆಳೆಯರ ಡಿಟಿಪಿ ಅಂಗಡಿಯ ವಿಂಡೋಸ್ 7 ಮೆಷಿನ್. ಬಂಗಾರಪೇಟೆಯ ಇನ್ನೊಬ್ಬರ ಹಳೇ ಮ್ಯಾಕ್. ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ ಕೊಟ್ಟರೆ ಓಡಬೇಕು, ಅಷ್ಟೇ. ಅದಕ್ಕೇ ಸಿ ಬಿಟ್ಟು ಬೇರೆ ಭಾಷೆಗೆ ಹೋಗಲಿಲ್ಲ.

ಈ ರಿಪೇರಿಯಿಂದ ನನಗೆ ಖಚಿತವಾಗಿದ್ದು ಇದು. ಒಂದು ಸಿಸ್ಟಂನ ಫಂಕ್ಷನ್ ತೆಗೆದು ಇನ್ನೊಂದರ ಫಂಕ್ಷನ್ ಹಾಕುವುದು ಸಣ್ಣ ಕೆಲಸ. ಜಾಸ್ತಿ ಕೆಲಸ ಇರುವುದು ಹೆಸರುಗಳಲ್ಲಿ. ಇಂಗ್ಲಿಷ್ ಹೆಸರಿನ ಫೋಲ್ಡರ್ ಇಟ್ಟು ಪರೀಕ್ಷೆ ಮಾಡಿದರೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ಕನ್ನಡದ ಹೆಸರು ಇಟ್ಟು ನೋಡಿದಾಗಲೇ ಮೂರೂ ಸಿಸ್ಟಂಗಳ ನಿಜವಾದ ವ್ಯತ್ಯಾಸ ಹೊರಗೆ ಬರುತ್ತದೆ.

ಸಿ ಕೊಡುವುದು ಎಷ್ಟು

ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಡೈರೆಕ್ಟರಿ, ಅಂದರೆ ಫೋಲ್ಡರ್, ಎನ್ನುವ ವಸ್ತುವೇ ಇಲ್ಲ. ಫೈಲ್ ತೆರೆಯಲು ಎಫ್‌ಓಪನ್ ಇದೆ, ಅಳಿಸಲು ರಿಮೂವ್, ಹೆಸರು ಬದಲಿಸಲು ರೀನೇಮ್. ಒಂದು ಫೋಲ್ಡರ್‌ನಲ್ಲಿ ಏನೇನಿದೆ ಎಂದು ಕೇಳಲು ದಾರಿ ಇಲ್ಲ. ಹೊಸ ಫೋಲ್ಡರ್ ಮಾಡಲೂ ದಾರಿ ಇಲ್ಲ. ಸಿ++ ಭಾಷೆಗೆ 2017ರಲ್ಲಿ ಫೈಲ್‌ಸಿಸ್ಟಂ ಲೈಬ್ರರಿ ಬಂತು. ಸಿ23ರಲ್ಲೂ ಸಿ ಭಾಷೆಗೆ ಅಂಥದ್ದು ಬಂದಿಲ್ಲ.

ಲಿನಕ್ಸ್, ಮ್ಯಾಕ್‌ಗಳಲ್ಲಿ ಬಳಸುವ ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್ ಮೂರೂ ಪೋಸಿಕ್ಸ್‌ನವು, ಅಂದರೆ ಯೂನಿಕ್ಸ್ ಬಗೆಯ ಸಿಸ್ಟಂಗಳ ಸ್ಟ್ಯಾಂಡರ್ಡ್‌ನವು. 1988ರ ಮೊದಲ ಪೋಸಿಕ್ಸ್‌ನಿಂದಲೂ ಇವೆ. ಅದಕ್ಕೂ ಹಿಂದೆ, ಏಳನೇ ಆವೃತ್ತಿಯ ಯೂನಿಕ್ಸ್ ಕಾಲದಲ್ಲಿ, ಡೈರೆಕ್ಟರಿಯನ್ನು ಸುಮ್ನೆ ಫೈಲ್ ತರಹ ತೆರೆದು ಓದುತ್ತಿದ್ದರು. ಒಂದೊಂದು ನಮೂದಿಗೆ 16 ಬೈಟ್. 2 ಬೈಟ್ ಐನೋಡ್ ಸಂಖ್ಯೆಗೆ (ಅದು ಯಾವ ಫೈಲ್ ಎಂದು ಗುರುತಿಸುವ ಸಂಖ್ಯೆ), ಉಳಿದ 14 ಹೆಸರಿಗೆ. ‘ಕೋಲಾರ’ ಎಂದು ಯುಟಿಎಫ್-8ನಲ್ಲಿ, ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿಯಲ್ಲಿ, ಬರೆಯಲು 15 ಬೈಟ್ ಬೇಕು. ಒಂದು ಬೈಟ್ ಸಾಲದೆ ನಮ್ಮ ಊರಿನ ಹೆಸರು ಆ ಜಾಗದಲ್ಲಿ ಹಿಡಿಸುತ್ತಿರಲಿಲ್ಲ.

ವಿಂಡೋಸ್‌ನಲ್ಲಿ ದಾರಿಯೇ ಬೇರೆ. ಫೈಂಡ್‌ಫಸ್ಟ್‌ಫೈಲ್, ಫೈಂಡ್‌ನೆಕ್ಸ್ಟ್‌ಫೈಲ್, ಫೈಂಡ್‌ಕ್ಲೋಸ್. ಫೋಲ್ಡರ್ ಮಾಡಲು ಕ್ರಿಯೇಟ್‌ಡೈರೆಕ್ಟರಿ, ತೆಗೆಯಲು ರಿಮೂವ್‌ಡೈರೆಕ್ಟರಿ.

ಸಿದ್ಧ ಲೈಬ್ರರಿಗಳು ಇಲ್ಲವೇ ಎಂದರೆ ಇವೆ. ಜಿಲಿಬ್, ಲಿಬ್‌ಯುವಿ, ಅಪಾಚೆಯ ಎಪಿಆರ್, ಒಂದೇ ಹೆಡರ್‌ನಲ್ಲಿ ಬರುವ ಟೈನಿಡಿರ್. ದೊಡ್ಡ ಪ್ರೋಗ್ರಾಂ ಬರೆಯುವವರಿಗೆ ನಾನು ಜಿಲಿಬ್ ಅನ್ನೇ ಹೇಳುತ್ತೇನೆ. ಹೆಸರುಗಳನ್ನು ಅದು ಚೆನ್ನಾಗಿ ನೋಡಿಕೊಳ್ಳುತ್ತದೆ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಡಿಎಲ್‌ಎಲ್ ಎಂಬ ಲೈಬ್ರರಿ ಫೈಲ್‌ಗಳನ್ನು ಹೊತ್ತು ತಿರುಗುವುದು ಬೇಡ ಎನಿಸಿತು.

ಪದರ ಕಟ್ಟಿದ್ದು

ಪ್ರೋಗ್ರಾಂಗೂ ಸಿಸ್ಟಂಗೂ ನಡುವೆ ಒಂದು ತೆಳು ಪದರ ಬರೆದೆ. ಮೊದಲ ನಿಯಮ: ಪ್ರೋಗ್ರಾಂ ತುಂಬ ಇಫ್‌ಡೆಫ್ (ಯಾವ ಸಿಸ್ಟಂ ಎಂದು ನೋಡಿ ಕೋಡ್ ಆರಿಸುವ ಸಾಲುಗಳು) ಚೆಲ್ಲುವುದಿಲ್ಲ. ಒಂದು ಹೆಡರ್, ಅದರ ಹಿಂದೆ ಎರಡು ಸೋರ್ಸ್ ಫೈಲ್. ಒಂದು ಪೋಸಿಕ್ಸ್‌ಗೆ, ಒಂದು ವಿಂಡೋಸ್‌ಗೆ. ಯಾವುದನ್ನು ಕಂಪೈಲ್ ಮಾಡಬೇಕು ಎಂದು ಮೇಕ್‌ಫೈಲ್ ತೀರ್ಮಾನ ಮಾಡುತ್ತದೆ. ಹೆಡರ್‌ನಲ್ಲಿ ಇರುವ ಕೆಲಸ ಸ್ವಲ್ಪವೇ: ಪಟ್ಟಿ ಮಾಡು, ಫೋಲ್ಡರ್ ಮಾಡು, ಖಾಲಿ ಫೋಲ್ಡರ್ ತೆಗೆ, ಸಾಗಿಸು, ಫೈಲ್ ತೆರೆ. ಎಲ್ಲ ಕಡೆ ಹೆಸರು ಎಂದರೆ ಯುಟಿಎಫ್-8 ಬೈಟ್‌ಗಳು. ಕೆರೆ ನೀರು ತೂಬಿನ ಮೂಲಕವೇ ಹೊಲಕ್ಕೆ ಹೋಗುವ ಹಾಗೆ, ಪ್ರತಿ ಹೆಸರೂ ಈ ಹೆಡರ್ ದಾಟಿಯೇ ಒಳಗೆ ಬರಬೇಕು, ಹೊರಗೆ ಹೋಗಬೇಕು.

ಎರಡನೇ ನಿಯಮವೇ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು. ‘ತೆರೆ, ಮುಂದಿನದು ಕೊಡು, ಮುಚ್ಚು’ ಎಂದು ಹೊರಗೆ ತೋರಿಸುವ ಬದಲು, ಒಂದು ಫೋಲ್ಡರ್‌ನ ಎಲ್ಲ ಹೆಸರನ್ನೂ ಒಮ್ಮೆಗೇ ಓದಿ, ಮೆಮೊರಿಯಲ್ಲಿ ಪಟ್ಟಿ ಮಾಡಿ, ವಿಂಗಡಿಸಿ, ಫೋಲ್ಡರ್ ಮುಚ್ಚಿ, ಆಮೇಲೆ ಪಟ್ಟಿ ಕೊಡುವುದು. ಯಾಕೆಂದರೆ ರೀಡ್‌ಡಿರ್ ಓದುತ್ತಿರುವಾಗಲೇ ಆ ಫೋಲ್ಡರ್‌ಗೆ ಹೊಸ ಫೈಲ್ ಬಂದರೆ ಅಥವಾ ಇದ್ದದ್ದು ಹೋದರೆ, ಅದು ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಎಂದು ಪೋಸಿಕ್ಸ್ ಹೇಳುವುದಿಲ್ಲ. ನಮ್ಮ ಪ್ರೋಗ್ರಾಂ ಮಾಡುವ ಕೆಲಸವೇ ಫೈಲ್‌ಗಳನ್ನು ಸಾಗಿಸುವುದು. ಆಳಕ್ಕೆ ಇಳಿಯುವಾಗ ಮೇಲಿನ ಫೋಲ್ಡರ್‌ಗಳೆಲ್ಲ ತೆರೆದೇ ಉಳಿಯುವ ತೊಂದರೆಯೂ ಇದರಿಂದ ತಪ್ಪಿತು.

ವಿಂಗಡಿಸುವುದಕ್ಕೂ ಕಾರಣ ಇದೆ. ರೀಡ್‌ಡಿರ್ ಕೊಡುವ ಕ್ರಮಕ್ಕೆ ಯಾವ ಭರವಸೆಯೂ ಇಲ್ಲ. ಲಿನಕ್ಸ್‌ನ ಫೈಲ್‌ಸಿಸ್ಟಂ ಆದ ಇಎಕ್ಸ್‌ಟಿ4ರಲ್ಲಿ ಹೆಸರಿನಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಸಂಖ್ಯೆಯ ಪ್ರಕಾರ ಬರುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಅಕ್ಷರಕ್ರಮದಲ್ಲಿ ಸಿಗುತ್ತದೆ. ಅದನ್ನು ನಂಬಿ ಬರೆದ ಪ್ರೋಗ್ರಾಂ ಬೇರೆ ಕಡೆ ಗೊಂದಲವಾಗುತ್ತದೆ. ಮೂರು ಕಡೆ ಬರೆದ ಪಟ್ಟಿಗಳನ್ನು ಹೋಲಿಸಿ ನೋಡಬೇಕಾದರೆ ಕ್ರಮ ನಮ್ಮದೇ ಆಗಿರಬೇಕು.

ಪೋಸಿಕ್ಸ್ ಕಡೆಯ ಫೈಲ್ ಬೇಗ ಮುಗಿಯಿತು. ಗಮನ ಕೊಡಬೇಕಾದ ಜಾಗಗಳು ಇಷ್ಟೇ. ರೀಡ್‌ಡಿರ್ ಪಟ್ಟಿ ಮುಗಿದಾಗಲೂ ನಲ್ ಕೊಡುತ್ತದೆ, ದೋಷವಾದಾಗಲೂ ನಲ್ ಕೊಡುತ್ತದೆ. ಹಾಗಾಗಿ ಪ್ರತಿ ಸಲ ಕರೆಯುವ ಮೊದಲು ದೋಷದ ಸಂಖ್ಯೆ ಇರುವ ಎರ್‌ನೋವನ್ನು 0 ಮಾಡಿ, ನಲ್ ಬಂದರೆ ಎರ್‌ನೋ ನೋಡಬೇಕು. ಇದು ಫೋಲ್ಡರೋ ಫೈಲೋ ಎಂದು ಡಿ-ಟೈಪ್ ಹೇಳುತ್ತದೆ, ಆದರೆ ಕೆಲವು ಫೈಲ್‌ಸಿಸ್ಟಂಗಳಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಆಗ ಎಲ್‌ಸ್ಟ್ಯಾಟ್ ಕರೆಯಬೇಕು. ಸ್ಟ್ಯಾಟ್ ಬೇಡ. ಸ್ಟ್ಯಾಟ್ ಲಿಂಕ್ ಹಿಂದೆ, ಅಂದರೆ ಅದು ತೋರಿಸುವ ಇನ್ನೊಂದು ಜಾಗಕ್ಕೆ, ಹೋಗುತ್ತದೆ. ಮೇಲಿನ ಫೋಲ್ಡರ್‌ಗೇ ತೋರಿಸುವ ಒಂದು ಲಿಂಕ್ ಇದ್ದರೆ ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆ. ಇನ್ನೊಂದು ವಿಷಯ, ಹೆಸರು ಇರುವ ಡಿ-ನೇಮ್‌ಗೆ ಸೈಜ್‌ಆಫ್ ಬಳಸಬಾರದು. ಆ ಜಾಗದ ಗಾತ್ರವನ್ನು ಪೋಸಿಕ್ಸ್ ನಿಗದಿ ಮಾಡಿಲ್ಲ. ಎಸ್‌ಟಿಆರ್‌ಲೆನ್‌ನಿಂದ ಉದ್ದ ಅಳೆದು ನಕಲು ಮಾಡಬೇಕು.

ಪ್ರಶ್ನೆ ಚಿಹ್ನೆಗಳು

ವಿಂಡೋಸ್‌ಗೆ ಉಬುಂಟುವಿನಿಂದಲೇ ಮಿನ್‌ಜಿಡಬ್ಲ್ಯು-ಡಬ್ಲ್ಯು64 ಎಂಬ ಕಂಪೈಲರ್ ಬಳಸಿ ಕಂಪೈಲ್ ಮಾಡಿದೆ. ಮಿನ್‌ಜಿಡಬ್ಲ್ಯುನಲ್ಲಿ ಓಪನ್‌ಡಿರ್, ರೀಡ್‌ಡಿರ್ ಇರುವ ಹೆಡರ್ ಸಿಗುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದು ಇಲ್ಲ. ಹಾಗಾದರೆ ಹಳೇ ಲಿನಕ್ಸ್ ಕೋಡ್ ಹಾಗೇ ನಡೆಯುತ್ತದಲ್ಲ ಎನಿಸುತ್ತದೆ. ಮೊದಲ ಅಡ್ಡಿ ಎಂಕೆಡಿರ್. ಪೋಸಿಕ್ಸ್‌ನಲ್ಲಿ ಅದಕ್ಕೆ ಎರಡು ಆರ್ಗ್ಯುಮೆಂಟ್, ಹೆಸರು ಮತ್ತು ಅನುಮತಿ. ಇಲ್ಲಿ ಹೆಸರು ಒಂದೇ. ಕಂಪೈಲರ್ ಇದನ್ನು ತಾನೇ ಹಿಡಿಯುತ್ತದೆ, ಸರಿ ಮಾಡಬಹುದು. ಕಂಪೈಲರ್‌ಗೆ ಕಾಣದ್ದು ಓಡಿಸಿದಾಗ ಕಂಡಿತು. ಮುಳಬಾಗಿಲಿನ ಮೆಷಿನ್‌ನಲ್ಲಿ ಕೋಲಾರ, ಟೇಕಲ್ ಎಂಬ ಎರಡು ಫೋಲ್ಡರ್ ಇಟ್ಟು ಪಟ್ಟಿ ಕೇಳಿದಾಗ ಬಂದ ಉತ್ತರ ಹೀಗಿತ್ತು:

?????
?????

ಹೆಸರುಗಳೊಂದಿಗೆ ಕೆಲಸ ಮಾಡುವ ವಿಂಡೋಸ್‌ನ ಬಹುತೇಕ ಫೈಲ್ ಫಂಕ್ಷನ್‌ಗಳಿಗೆ ಎರಡು ರೂಪ ಇವೆ. ಕೊನೆಗೆ ಎ ಅಕ್ಷರ ಇರುವುದು ಹಳೇ ಕೋಡ್‌ಪೇಜ್ (ಕೆಲವೇ ಲಿಪಿಗಳಿಗಿದ್ದ ಅಕ್ಷರಪಟ್ಟಿ) ಲೆಕ್ಕದ್ದು, ಡಬ್ಲ್ಯು ಇರುವುದು ಯುನಿಕೋಡನ್ನು 16 ಬಿಟ್‌ನ ಘಟಕಗಳಲ್ಲಿ ಇಡುವ ಯುಟಿಎಫ್-16ದ್ದು. ತಮಿಳು, ತೆಲುಗು, ಹಿಂದಿಯ ಹಾಗೆ ಕನ್ನಡಕ್ಕೂ ವಿಂಡೋಸ್‌ನಲ್ಲಿ ಹಳೇ ಬಗೆಯ ಆನ್ಸಿ ಕೋಡ್‌ಪೇಜ್ ಇಲ್ಲ, ಯುನಿಕೋಡ್ ಮಾತ್ರ. ಆದ್ದರಿಂದ ಎ ರೂಪದಲ್ಲಿ ಕೇಳಿದರೆ ಪ್ರತಿ ಕೋಡ್‌ಪಾಯಿಂಟ್‌ಗೂ, ಅಂದರೆ ಯುನಿಕೋಡ್ ಬೇರೆ ಸಂಖ್ಯೆ ಕೊಟ್ಟ ಪ್ರತಿ ಅಕ್ಷರಕ್ಕೂ ಗುರುತಿಗೂ, ಒಂದು ಪ್ರಶ್ನೆ ಚಿಹ್ನೆ ಬರುತ್ತದೆ. ಕೋಲಾರದಲ್ಲಿ ಐದು: ಕ, ಓತ್ವ, ಲ, ದೀರ್ಘ, ರ. ಟೇಕಲ್‌ನಲ್ಲೂ ಐದು: ಟ, ಏತ್ವ, ಕ, ಲ, ಹಲಂತ. ಎರಡು ಊರೂ ಒಂದೇ ಹೆಸರಾದವು.

ಇದು ತೋರಿಕೆಯ ತೊಂದರೆ ಮಾತ್ರ ಅಲ್ಲ. ಪ್ರಶ್ನೆ ಚಿಹ್ನೆ ವಿಂಡೋಸ್‌ನಲ್ಲಿ ವೈಲ್ಡ್‌ಕಾರ್ಡ್, ಯಾವ ಒಂದು ಅಕ್ಷರಕ್ಕಾದರೂ ಹೊಂದುತ್ತದೆ. ಹೀಗೆ ಬಂದ ಹೆಸರನ್ನೇ ಮತ್ತೆ ಫೈಂಡ್‌ಫಸ್ಟ್‌ಫೈಲ್‌ಗೆ ಕೊಟ್ಟರೆ ಐದಕ್ಷರದ ಯಾವುದೋ ಒಂದು ಹೆಸರು ಸಿಕ್ಕಿಬಿಡುತ್ತದೆ. ಟೇಕಲ್ ಕೇಳಿದವರಿಗೆ ಕೋಲಾರ ಸಿಗಬಹುದು. ದೋಷದ ಸಂದೇಶ ಬರುವುದಿಲ್ಲ. ಕನ್ನಡದಲ್ಲಿ ಫೋಲ್ಡರ್ ಇಡುವವರು ಎ ರೂಪವನ್ನು ಮುಟ್ಟಲೇಬಾರದು ಎಂದು ನಾನು ಹೇಳುವುದು ಇದಕ್ಕೇ.

ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಂ ಜೊತೆ ಇಡುವ ಮ್ಯಾನಿಫೆಸ್ಟ್ ಎಂಬ ವಿವರದಲ್ಲಿ ಒಂದು ಸಾಲು ಬರೆದು ಎ ರೂಪವನ್ನೂ ಯುಟಿಎಫ್-8 ಮಾಡಬಹುದು. ಹೊಸ ಮೆಷಿನ್‌ಗಳಷ್ಟೇ ಇದ್ದರೆ ಅದು ಒಳ್ಳೆಯ ದಾರಿ. ನಮ್ಮದು ವಿಂಡೋಸ್ 7. ಆದ್ದರಿಂದ ಪದರದ ಗಡಿಯಲ್ಲೇ ಪರಿವರ್ತನೆ. ಒಳಗೆ ಹೋಗುವಾಗ ಮಲ್ಟಿಬೈಟ್‌ಟುವೈಡ್‌ಚಾರ್, ಹೊರಗೆ ಬರುವಾಗ ವೈಡ್‌ಚಾರ್‌ಟುಮಲ್ಟಿಬೈಟ್, ಎರಡರಲ್ಲೂ ಯುಟಿಎಫ್-8. ಎಫ್‌ಓಪನ್ ಬದಲು ಅದರ ವೈಡ್ ರೂಪ. ಮೇನ್ ಬದಲು ಡಬ್ಲ್ಯುಮೇನ್, ಇಲ್ಲದಿದ್ದರೆ ಕಮಾಂಡ್ ಸಾಲಿನಲ್ಲಿ ಕೊಟ್ಟ ಕನ್ನಡ ಹೆಸರೇ ಪ್ರಶ್ನೆ ಚಿಹ್ನೆಯಾಗಿ ಬರುತ್ತದೆ. ಮಿನ್‌ಜಿಡಬ್ಲ್ಯುನಲ್ಲಿ ಇದಕ್ಕೆ ಮ್ಯುನಿಕೋಡ್ ಎಂಬ ಆಯ್ಕೆ ಕೊಡಬೇಕು.

ಫೈಂಡ್‌ಫಸ್ಟ್‌ಫೈಲ್‌ನ ಸ್ವಭಾವವೂ ಸ್ವಲ್ಪ ಬೇರೆ. ಫೋಲ್ಡರ್ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಸೇರಿಸಿ ಕೊಡಬೇಕು. ತೆರೆಯುವಾಗಲೇ ಮೊದಲ ಹೆಸರು ಕೈಗೆ ಬಂದಿರುತ್ತದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. ಸೋತರೆ ನಲ್ ಬರುವುದಿಲ್ಲ, ಇನ್‌ವ್ಯಾಲಿಡ್ ಹ್ಯಾಂಡಲ್ ಎಂಬ ಬೇರೆ ಬೆಲೆ ಬರುತ್ತದೆ. ಮುಚ್ಚಲು ಕ್ಲೋಸ್‌ಹ್ಯಾಂಡಲ್ ಅಲ್ಲ, ಫೈಂಡ್‌ಕ್ಲೋಸ್.

ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕ್ಯಾಮೆರಾ ಕಾರ್ಡ್ ಹಾಕಿದಾಗ ಇನ್ನೊಂದು ವಿಶೇಷ. ಬೇರೆ ಫೋಲ್ಡರ್‌ಗಳಲ್ಲಿ ಏನಿಲ್ಲದಿದ್ದರೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ನಮೂದುಗಳು ಇರುತ್ತವೆ. ಡ್ರೈವ್‌ನ ಮೂಲ ಫೋಲ್ಡರ್‌ನಲ್ಲಿ ಅವೂ ಇರುವುದಿಲ್ಲ. ಅದು ಪೂರ್ತಿ ಖಾಲಿ ಇದ್ದರೆ ಫೈಂಡ್‌ಫಸ್ಟ್‌ಫೈಲ್ ಸೋಲುತ್ತದೆ, ದೋಷ ಸಂಖ್ಯೆ 2, ಅಂದರೆ ಫೈಲ್ ಸಿಗಲಿಲ್ಲ. ದಾರಿಯೇ ಇಲ್ಲದಿದ್ದರೆ ಬರುವುದು 3. ಪದರದಲ್ಲಿ 2 ಬಂದರೆ ಖಾಲಿ ಪಟ್ಟಿ ಕೊಡುತ್ತೇನೆ, 3 ಬಂದರೆ ದೋಷ ಎನ್ನುತ್ತೇನೆ.

ಲಿಂಕ್‌ಗಳಿಗೆ ಸಮಾನವಾಗಿ ಇಲ್ಲಿ ರೀಪಾರ್ಸ್ ಪಾಯಿಂಟ್ ಇವೆ. ಬಳಕೆದಾರರ ಫೋಲ್ಡರ್ ಒಳಗೆ ‘ಅಪ್ಲಿಕೇಶನ್ ಡೇಟಾ’ ಎಂಬ ಜಂಕ್ಷನ್ (ಫೋಲ್ಡರ್‌ಗೆ ತೋರಿಸುವ ಲಿಂಕ್) ತನ್ನ ಮೇಲಿನ ಫೋಲ್ಡರ್‌ಗೇ ತೋರಿಸುವ ಜಾಗ ಇದೆ. ಸಿಂಬಾಲಿಕ್ ಲಿಂಕ್ ಮತ್ತು ಮೌಂಟ್ ಪಾಯಿಂಟ್ ಟ್ಯಾಗ್ ಇದ್ದರೆ ಒಳಗೆ ಇಳಿಯುವುದಿಲ್ಲ ಎಂದು ಬರೆದೆ.

ಎರಡು ಕೋಲಾರ

ಬಂಗಾರಪೇಟೆಯ ಮ್ಯಾಕ್‌ನಲ್ಲಿ ಪೋಸಿಕ್ಸ್ ಫೈಲ್ ಒಂದು ಸಾಲೂ ಬದಲಿಸದೆ ಕಂಪೈಲ್ ಆಯಿತು, ಓಡಿತು. ಅಲ್ಲಿ ಜೋಡಿಸಿದ ಫೋಲ್ಡರ್‌ಗಳನ್ನು ನಕಲು ಮಾಡುವ ಆರ್‌ಸಿಂಕ್ ಪ್ರೋಗ್ರಾಂನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ತಂದಾಗ ಪಟ್ಟಿಯಲ್ಲಿ ಕೋಲಾರ ಎರಡು ಸಲ ಬಂತು. ಒಂದೇ ಫೋಲ್ಡರ್‌ನಲ್ಲಿ, ಒಂದೇ ಹೆಸರಿನ, ಎರಡು ಫೋಲ್ಡರ್. ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಬೈಟ್‌ಗಳನ್ನು ದಶಮಾಂಶದಲ್ಲಿ ಬಿಡಿಸಿ ನೋಡಿದೆ.

ಲಿನಕ್ಸ್‌ನಲ್ಲಿ ಮಾಡಿದ ಕೋಲಾರ:
224 178 149, 224 179 139, 224 178 178, 224 178 190, 224 178 176

ಮ್ಯಾಕ್‌ನಿಂದ ಬಂದ ಕೋಲಾರ:
224 178 149, 224 179 134, 224 179 130, 224 179 149, 224 178 178, 224 178 190, 224 178 176

ಮೊದಲನೆಯದು 15 ಬೈಟ್, ಎರಡನೆಯದು 21. ಮೊದಲ ಸಾಲಿನಲ್ಲಿ ಕ ಆದ ಮೇಲೆ ಓತ್ವ ಒಂದೇ ಕೋಡ್‌ಪಾಯಿಂಟ್. ಎರಡನೆಯದರಲ್ಲಿ ಅದೇ ಓತ್ವ ಮೂರು ತುಂಡಾಗಿದೆ: ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಗುರುತು. ಯುನಿಕೋಡ್ ಪ್ರಕಾರ ಎರಡೂ ಸಮಾನ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ಸಿಸ್ಟಂ ಪ್ರತಿ ಹೆಸರನ್ನೂ ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತದೆ. ರೀಡ್‌ಡಿರ್ ಕೊಡುವುದೂ ಬಿಡಿಸಿದ್ದನ್ನೇ. 2017ರಲ್ಲಿ ಹೈ ಸಿಯೆರಾ ಜೊತೆ ಬಂದ ಎಪಿಎಫ್‌ಎಸ್ ನಾವು ಕೊಟ್ಟ ರೂಪವನ್ನು ಹಾಗೇ ಉಳಿಸುತ್ತದೆ, ಹುಡುಕುವಾಗ ಮಾತ್ರ ಎರಡನ್ನೂ ಒಂದೇ ಎಂದು ನೋಡುತ್ತದೆ. ಇಎಕ್ಸ್‌ಟಿ4, ಎನ್‌ಟಿಎಫ್‌ಎಸ್ ಎರಡಕ್ಕೂ ಅವು ಬೇರೆ ಬೇರೆ ಹೆಸರು. ಅಲ್ಲಿ ಎರಡು ಕೋಲಾರ ಆರಾಮಾಗಿ ಪಕ್ಕಪಕ್ಕ ಇರುತ್ತವೆ.

ಮಾಲೂರಿಗೆ ಈ ತೊಂದರೆ ಇಲ್ಲ. ಬಂಗಾರಪೇಟೆಗೆ ಇದೆ, ಬೇತಮಂಗಲಕ್ಕೆ ಇದೆ, ಶ್ರೀನಿವಾಸಪುರಕ್ಕೆ ಇದೆ. ಕನ್ನಡದಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆಗಳು ಐದೇ: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಈ ಸಂಗತಿ ಗೊತ್ತಾದ ಮೇಲೆ ಕೆಲಸ ತುಂಬಾ ಹಗುರವಾಯಿತು. ಇಡೀ ಯುನಿಕೋಡ್‌ಗೆ ನಾರ್ಮಲೈಸ್ ಮಾಡಲು, ಅಂದರೆ ಸಮಾನ ರೂಪಗಳನ್ನು ಒಂದೇ ಮಾಡಲು, ಐಸಿಯುನಂಥ ದೊಡ್ಡ ಲೈಬ್ರರಿ ಬೇಕು. ನಮ್ಮ ಊರುಗಳಿಗೆ ಐದು ಜೋಡಿಗಳ ಒಂದು ಟೇಬಲ್ ಸಾಕು. ಎಡದಿಂದ ಓದುತ್ತಾ ಹೋಗಿ, ಜೋಡಿ ಸಿಕ್ಕರೆ ಒಂದಾಗಿಸುವುದು. ಓತ್ವ ಮಾತ್ರ ಎರಡು ಹೆಜ್ಜೆಯಲ್ಲಿ ಕೂಡುತ್ತದೆ. ಎತ್ವ ಮತ್ತು ಕೊಂಬಿನ ದೀರ್ಘ ಸೇರಿ ಒತ್ವ, ಅದಕ್ಕೆ ದೀರ್ಘದ ಗುರುತು ಸೇರಿದರೆ ಓತ್ವ.

ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವೂ ಇದೆ. ಹಲಂತವಾದ ಮೇಲೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯಲು ಹಾಕುವ ಜೀರೋ ವಿಡ್ತ್ ನಾನ್ ಜಾಯಿನರ್. ಚೆಕ್‌ಡ್ಯಾಮ್ ಎಂದು ಬರೆಯಲು ಅದು ನಿಜವಾಗಿ ಬೇಕು. ಆದರೆ ಪದದ ಕೊನೆಯಲ್ಲೂ ಅದು ಸೇರಿಕೊಳ್ಳುವುದುಂಟು. ಟೇಕಲ್ ಎಂಬ ಹೆಸರು ಒಬ್ಬರ ಕೈಯಲ್ಲಿ 15 ಬೈಟ್, ಇನ್ನೊಬ್ಬರ ಕೈಯಲ್ಲಿ 18. ಕೊನೆಯ ಮೂರು ಬೈಟ್, 226 128 140, ಪರದೆಯ ಮೇಲೆ ಏನೂ ಅಲ್ಲ. ಯುನಿಕೋಡ್ ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಡಿಸ್ಕ್‌ನಿಂದ ಬಂದ ಹೆಸರನ್ನು ತಿದ್ದಿ ಇಟ್ಟುಕೊಳ್ಳುವುದೋ, ಹಾಗೇ ಬಿಡುವುದೋ? ಹಾಗೇ ಬಿಡಬೇಕು. ತಿದ್ದಿದ ಹೆಸರು ಕೊಟ್ಟು ಇಎಕ್ಸ್‌ಟಿ4ರಲ್ಲಿ ಫೈಲ್ ತೆರೆಯಲು ಹೋದರೆ ಆ ಹೆಸರಿನ ಫೈಲ್ ಅಲ್ಲಿ ಇರುವುದೇ ಇಲ್ಲ. ಹಾಗಾಗಿ ಪಟ್ಟಿಯ ಪ್ರತಿ ನಮೂದಿಗೂ ಎರಡು ಸಾಲು ಇಟ್ಟೆ. ಒಂದು, ಸಿಸ್ಟಂ ಕೊಟ್ಟ ಹೆಸರು, ಬೈಟ್ ಬೈಟ್ ಹಾಗೇ. ತೆರೆಯಲು, ಅಳಿಸಲು, ಸಾಗಿಸಲು ಅದೇ. ಇನ್ನೊಂದು, ಹೋಲಿಕೆಯ ಕೀಲಿ. ಐದು ಜೋಡಿಗಳನ್ನು ಕೂಡಿಸಿ, ಕಾಣದ ಜಾಯಿನರ್‌ಗಳನ್ನು ತೆಗೆದು ಮಾಡಿದ್ದು. ವಿಂಗಡಿಸಲು, ‘ಈ ಊರು ಆಗಲೇ ಇದೆಯಾ’ ಎಂದು ನೋಡಲು ಮಾತ್ರ ಅದು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಆ ತಲೆನೋವು ಫೈಲ್‌ನ ಕೊನೆಯ ಜೆಪಿಜಿ ಎಂಬ ಭಾಗಕ್ಕೆ ಮಾತ್ರ. ಕೀಲಿಯಲ್ಲಿ ಅದನ್ನು ಸಣ್ಣಕ್ಷರ ಮಾಡಿಬಿಡುತ್ತೇನೆ.

ಉದ್ದ

ಮುಳಬಾಗಿಲಿನ ಗೆಳೆಯರು ಫೋಟೋ ಹೆಸರಿನಲ್ಲೇ ವಿವರ ಬರೆಯುತ್ತಾರೆ. ನನಗೆ ಇಷ್ಟವಾದ ಅಭ್ಯಾಸ. ವಿವರ ಫೋಟೋ ಜೊತೆಗೇ ಇರುತ್ತದೆ, ಎಲ್ಲೂ ಕಳೆದುಹೋಗುವುದಿಲ್ಲ. ಒಂದು ಹೆಸರು ಹೀಗಿದೆ: ‘ಶ್ರೀನಿವಾಸಪುರ ತಾಲ್ಲೂಕು ರೋಣೂರು ಹೋಬಳಿ ದೊಡ್ಡಕೆರೆ ಕಟ್ಟೆಯ ಮೇಲಿಂದ ತೂಬಿನ ಕಡೆ ನೋಡಿದಾಗ ಮಳೆಗಾಲದ ನಂತರ ತೆಗೆದದ್ದು’. ಕೊನೆಗೆ ಚುಕ್ಕಿ, ಜೆಪಿಜಿ.

ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯುಟಿಎಫ್-16 ಘಟಕಗಳ ಮಿತಿ. ಈ ಹೆಸರು 103 ಘಟಕ. ಅರ್ಧಕ್ಕಿಂತ ಕಡಿಮೆ. ಇಎಕ್ಸ್‌ಟಿ4ರ ಮಿತಿಯೂ 255, ಆದರೆ ಅದು ಬೈಟ್ ಲೆಕ್ಕ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ 3 ಬೈಟ್. ಇದೇ ಹೆಸರು 277 ಬೈಟ್ ಆಗುತ್ತದೆ. ಲಿನಕ್ಸ್‌ಗೆ ನಕಲು ಮಾಡಲು ಹೋದರೆ ‘ಹೆಸರು ತುಂಬಾ ಉದ್ದ’ ಎಂಬ ದೋಷ. ಇಂಗ್ಲಿಷ್‌ನಲ್ಲಿ 255 ಅಕ್ಷರದ ಜಾಗ ಇರುವ ಕಡೆ ನಮಗೆ ಸಿಗುವುದು 85 ಕೋಡ್‌ಪಾಯಿಂಟ್. ಒತ್ತು, ಗುಣಿತಗಳೆಲ್ಲ ಅದರಲ್ಲೇ ಲೆಕ್ಕ.

ಹೆಸರನ್ನು ಮೊಟಕು ಮಾಡದೆ ಗತಿಯಿಲ್ಲ. ಎಲ್ಲಿ ಕತ್ತರಿಸಬೇಕು ಎನ್ನುವುದೇ ಪ್ರಶ್ನೆ. ಸುಮ್ನೆ 240ನೇ ಬೈಟ್‌ಗೆ ಕಡಿದರೆ ಒಂದು ಅಕ್ಷರದ ನಡುವೆ ಬೀಳಬಹುದು, ಆಗ ಅದು ಯುಟಿಎಫ್-8 ಆಗಿಯೇ ಉಳಿಯುವುದಿಲ್ಲ. ವಿಂಡೋಸ್ ಕಡೆ ಪರಿವರ್ತನೆ ಸರಿಯಾಗಿ ಆಗುವುದಿಲ್ಲ. 128ರಿಂದ 191ರ ವರೆಗಿನ ಬೈಟ್ ಎಂದರೆ ಮುಂದುವರಿದ ಭಾಗ, ಅದು ಮುಗಿಯುವ ತನಕ ಹಿಂದೆ ಸರಿಯಬೇಕು. ಅಷ್ಟೂ ಸಾಲದು. ಕಡಿದ ಜಾಗದ ಮುಂದೆ ಸ್ವರಚಿಹ್ನೆ, ಸೊನ್ನೆ ಅಥವಾ ಹಲಂತ ಇದ್ದರೆ ಅಕ್ಷರ ಅರ್ಧವಾಗುತ್ತದೆ. ‘ಕಟ್ಟೆ’ ಹೋಗಿ ‘ಕಟ್ಟ’ ಆಗುತ್ತದೆ. ಹಾಗಿದ್ದರೆ ಇನ್ನೂ ಹಿಂದೆ. ಉಳಿದ ಭಾಗದ ಕೊನೆ ಹಲಂತವಾಗಿ ಮುಂದೆ ವ್ಯಂಜನ ಇದ್ದರೂ ಹಿಂದೆ. ಆಮೇಲೆ ಪೂರ್ತಿ ಹೆಸರಿನಿಂದ ಲೆಕ್ಕ ಹಾಕಿದ 8 ಅಂಕಿಯ ಹ್ಯಾಶ್ ಸೇರಿಸಿ, ಜೆಪಿಜಿ ಹಾಕಿದೆ. ಮೊದಲರ್ಧ ಒಂದೇ ಇರುವ ಎರಡು ಉದ್ದ ಹೆಸರುಗಳು ಒಂದರ ಮೇಲೊಂದು ಕೂರಬಾರದಲ್ಲ. ಪೂರ್ತಿ ಹೆಸರು ಪಟ್ಟಿಯ ಫೈಲ್‌ನಲ್ಲಿ ಇರುತ್ತದೆ.

ವಿಂಡೋಸ್‌ನಲ್ಲಿ ಒಂದೊಂದು ಹೆಸರಿಗೆ ಉದಾರ, ಪೂರ್ತಿ ದಾರಿಗೆ ಜಿಪುಣ. ದಾರಿಯೆಲ್ಲ ಸೇರಿ 260 ಘಟಕ. ಫೋಲ್ಡರ್ ಮಾಡುವಾಗ ಇನ್ನೂ ಕಡಿಮೆ, 248. ಒಳಗೆ 12 ಘಟಕದ ಒಂದು ಹಳೇ ಬಗೆಯ ಫೈಲ್ ಹೆಸರಿಗೆ ಜಾಗ ಬಿಡಬೇಕು ಎಂಬ ಲೆಕ್ಕ. ದಾರಿಯ ಮೊದಲಿಗೆ \\?\ ಸೇರಿಸಿದರೆ ಸುಮಾರು 32,767ರ ತನಕ ಹೋಗಬಹುದು. ಹಾಗೆ ಮಾಡಿದರೆ ವಿಂಡೋಸ್ ಆ ದಾರಿಯನ್ನು ತಿದ್ದುವುದಿಲ್ಲ. ಮುಂದಿನ ಸ್ಲ್ಯಾಶ್ ನಡೆಯುವುದಿಲ್ಲ, ಎರಡು ಚುಕ್ಕಿ ನಡೆಯುವುದಿಲ್ಲ, ಅರ್ಧ ದಾರಿ ನಡೆಯುವುದಿಲ್ಲ. ಮೊದಲು ಗೆಟ್‌ಫುಲ್‌ಪಾತ್‌ನೇಮ್‌ನಿಂದ ಪೂರ್ತಿ ದಾರಿ ಮಾಡಿಸಿ, ಆಮೇಲೆ ಅದನ್ನು ಅಂಟಿಸಬೇಕು.

ಫೋಲ್ಡರ್ ಮಾಡುವುದು, ಸಾಗಿಸುವುದು

ಫೋಲ್ಡರ್ ಇದೆಯಾ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಮಾಡುವುದು ಎಲ್ಲರೂ ಬರೆಯುವ ರೀತಿ. ಕೇಳುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಂ ಅದನ್ನು ಮಾಡಿಬಿಡಬಹುದು. ಕೇಳದೆ ಮಾಡಲು ಹೋಗಿ, ‘ಆಗಲೇ ಇದೆ’ ಎಂದರೆ ಅದು ಫೋಲ್ಡರೇ ಹೌದಾ ಎಂದು ನೋಡುವುದು ಉತ್ತಮ. ಪೋಸಿಕ್ಸ್‌ನಲ್ಲಿ ಆ ದೋಷ ಇಎಕ್ಸಿಸ್ಟ್, ವಿಂಡೋಸ್‌ನಲ್ಲಿ 183. ಎರಡರಲ್ಲೂ ಆ ಹೆಸರಿನ ಫೈಲ್ ಇದ್ದರೂ ಅದೇ ಉತ್ತರ ಬರುತ್ತದೆ, ಅದಕ್ಕೇ ನೋಡಲೇಬೇಕು. ದಾರಿಯನ್ನು ಒಂದೊಂದೇ ತುಂಡಾಗಿ ಮಾಡುತ್ತಾ ಹೋಗುವಾಗ ವಿಂಡೋಸ್‌ನಲ್ಲಿ ಡ್ರೈವ್ ಹೆಸರಿನ ಭಾಗವನ್ನು ಹಾರಿಸಬೇಕು.

ಹೆಸರಿನಲ್ಲಿ ಏನಿರಬಹುದು ಎನ್ನುವುದರಲ್ಲಿ ಮೂರರಲ್ಲಿ ಯಾವುದು ಹೆಚ್ಚು ಕಟ್ಟುನಿಟ್ಟೋ ಅದನ್ನೇ ಎಲ್ಲ ಕಡೆ ಪಾಲಿಸಿದೆ. ಲಿನಕ್ಸ್ ಸ್ಲ್ಯಾಶ್ ಮತ್ತು 0 ಬೆಲೆಯ ಬೈಟ್ ಬಿಟ್ಟು ಏನು ಬೇಕಾದರೂ ಒಪ್ಪುತ್ತದೆ. ಆದರೆ ಸರ್ವೆ ನಂಬರ್‌ನಲ್ಲಿ ಇರುವುದೇ ಸ್ಲ್ಯಾಶ್. ‘ಸ.ನಂ. 45/2’ ಎಂದು ಕೊಟ್ಟರೆ 45ರ ಒಳಗೆ 2 ಎಂಬ ಫೋಲ್ಡರ್ ಹುಟ್ಟುತ್ತದೆ. ಅದನ್ನು ಅಡ್ಡಗೆರೆ ಮಾಡಿದೆ. ಸಮಯದಲ್ಲಿ ಬರುವ ಕೋಲನ್ ವಿಂಡೋಸ್‌ಗೆ ಆಗದು. ಕೊನೆಯ ಚುಕ್ಕಿಯನ್ನು ವಿಂಡೋಸ್ ತಾನೇ ತೆಗೆದುಬಿಡುತ್ತದೆ. ಆದರೆ \\?\ ಜೊತೆ ಕೊಟ್ಟರೆ ತೆಗೆಯುವುದಿಲ್ಲ, ಆಮೇಲೆ ಎಕ್ಸ್‌ಪ್ಲೋರರ್‌ನಿಂದ ಆ ಫೋಲ್ಡರ್ ಅಳಿಸುವುದೇ ಕಷ್ಟ. ನಮ್ಮಲ್ಲಿ ‘ನಂ.’ ಎಂದು ಮುಗಿಯುವ ಹೆಸರುಗಳು ಜಾಸ್ತಿ. ಕೊನೆಯ ಚುಕ್ಕಿ, ಕೊನೆಯ ಖಾಲಿ ಜಾಗ ಎರಡನ್ನೂ ಪದರದಲ್ಲೇ ತೆಗೆಯುತ್ತೇನೆ.

ಸಾಗಿಸುವ ಕೆಲಸಕ್ಕೆ ಒಂದು ನಿಜವಾದ ಕಾರಣ ಇತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಹಳೇ ಫೋಟೋಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲ ಕೋಲಾರದ ಒಳಗೆ ಇವೆ. ಹೊಸವು ಚಿಕ್ಕಬಳ್ಳಾಪುರದ ಒಳಗೆ. ಒಂದೇ ಕೆರೆ ಎರಡು ಕಡೆ ಇದ್ದರೆ ಹೋಲಿಸಿ ನೋಡುವುದು ಹೇಗೆ?

ರೀನೇಮ್ ಒಂದರಿಂದ ಇದು ಆಗುವುದಿಲ್ಲ. ಪೋಸಿಕ್ಸ್‌ನಲ್ಲಿ ಗುರಿಯ ಫೋಲ್ಡರ್ ಖಾಲಿ ಇದ್ದರೆ ಅದರ ಜಾಗಕ್ಕೆ ಹಳೆಯದು ಬರುತ್ತದೆ, ಒಳಗೆ ಏನಾದರೂ ಇದ್ದರೆ ದೋಷ. ವಿಂಡೋಸ್‌ನಲ್ಲಿ ರೀನೇಮ್ ಗುರಿಯ ಫೈಲ್ ಇದ್ದರೂ ಸೋಲುತ್ತದೆ. ಫೈಲ್‌ಗೆ ಮೂವ್‌ಫೈಲ್‌ಇಎಕ್ಸ್ ಕರೆದು ‘ಇದ್ದದ್ದರ ಮೇಲೆ ಬರೆ’ ಎಂದು ಹೇಳಬಹುದು, ಫೋಲ್ಡರ್‌ಗೆ ಅದೂ ಇಲ್ಲ. ಕಾರ್ಡಿನಿಂದ ಡಿಸ್ಕ್‌ಗೆ ಹೋಗುವಾಗ ಲಿನಕ್ಸ್ ರೀನೇಮ್ ಎಕ್ಸ್‌ಡೆವ್ ಎಂಬ ದೋಷ ಕೊಡುತ್ತದೆ. ಒಂದು ಫೈಲ್‌ಸಿಸ್ಟಂನಿಂದ ಇನ್ನೊಂದಕ್ಕೆ ಸಾಗಿಸಲು ಅದಕ್ಕೆ ಬರುವುದಿಲ್ಲ, ನಕಲು ಮಾಡಬೇಕು.

ಆದ್ದರಿಂದ ಕೂಡಿಸುವ ಕೆಲಸ ನಾನೇ ಬರೆದೆ. ಹಳೇ ಫೋಲ್ಡರ್‌ನ ಪ್ರತಿ ಹೆಸರಿಗೂ ಗುರಿಯಲ್ಲಿ ಅದೇ ಕೀಲಿಯ ಹೆಸರು ಹುಡುಕುವುದು. ಎರಡೂ ಫೋಲ್ಡರ್ ಆದರೆ ಒಳಗೆ ಇಳಿಯುವುದು. ಎರಡೂ ಫೈಲ್ ಆದರೆ ಗಾತ್ರ ನೋಡಿ, ಒಂದೇ ಇದ್ದರೆ ಬೈಟ್ ಬೈಟ್ ಹೋಲಿಸುವುದು. ಪೂರ್ತಿ ಒಂದೇ ಆದರೆ ಹಳೆಯದನ್ನು ತೆಗೆಯುವುದು, ಬೇರೆಯಾದರೆ ಹೆಸರಿಗೆ ಒಂದು ಸಂಖ್ಯೆ ಸೇರಿಸಿ ಎರಡನ್ನೂ ಉಳಿಸುವುದು. ಕೊನೆಗೆ ಹಳೇ ಫೋಲ್ಡರ್‌ಗೆ ಆರ್‌ಎಂಡಿರ್ ಕರೆಯುವುದು. ಅದು ಖಾಲಿ ಫೋಲ್ಡರ್ ಮಾತ್ರ ತೆಗೆಯುತ್ತದೆ, ಅದೇ ನನಗೆ ಬೇಕಾದ ರಕ್ಷಣೆ. ಒಂದು ಫೋಟೋ ಉಳಿದಿದ್ದರೂ ಫೋಲ್ಡರ್ ಹೋಗುವುದಿಲ್ಲ. ಒಳಗಿರುವುದನ್ನೆಲ್ಲ ಸಮೇತ ಅಳಿಸುವ ಫಂಕ್ಷನ್ ಈ ಪದರದಲ್ಲಿ ಇಲ್ಲ, ಬೇಕೆಂದೇ ಬರೆದಿಲ್ಲ. ಈ ಫೋಟೋಗಳಲ್ಲಿ ಕೆಲವನ್ನು ಮತ್ತೆ ತೆಗೆಯಲು ಆಗುವುದಿಲ್ಲ, ಆ ಕೆರೆಯ ಜಾಗದಲ್ಲಿ ಈಗ ಲೇಔಟ್ ಇದೆ.

ಎರಡು ಕೋಲಾರ ಕೂಡಿದ್ದೂ ಇದೇ ಫಂಕ್ಷನ್‌ನಿಂದ. ಚಿಂತಾಮಣಿ ಸ್ಥಳ ಬದಲಿಸಿದ್ದೂ ಇದರಿಂದಲೇ. ಓಡಿಸುವ ಮೊದಲು ‘ಏನು ಮಾಡುತ್ತೇನೆ’ ಎಂದು ಬರೀ ಪಟ್ಟಿ ತೋರಿಸುವ ಆಯ್ಕೆ ಇಟ್ಟಿದ್ದೇನೆ. ಗೆಳೆಯರು ಅದನ್ನು ಓದಿ ಸರಿ ಎಂದ ಮೇಲೆಯೇ ಸಾಗಿಸುವುದು.

ಪರೀಕ್ಷೆಗೆ ಒಂದು ಫೋಲ್ಡರ್ ಮರವನ್ನು ಸ್ಕ್ರಿಪ್ಟ್‌ನಿಂದಲೇ ಹುಟ್ಟಿಸುತ್ತೇನೆ. ಅದರಲ್ಲಿ ಎರಡೂ ರೂಪದ ಕೋಲಾರ, ಕೊನೆಗೆ ಜಾಯಿನರ್ ಇರುವ ಮತ್ತು ಇಲ್ಲದ ಟೇಕಲ್, 84, 85, 86 ಕೋಡ್‌ಪಾಯಿಂಟ್‌ನ ಹೆಸರುಗಳು, ಮೇಲಕ್ಕೆ ತೋರಿಸುವ ಲಿಂಕ್, ‘ನಂ.’ ಎಂದು ಮುಗಿಯುವ ಫೋಲ್ಡರ್. 86ರದ್ದು ಇಎಕ್ಸ್‌ಟಿ4ರಲ್ಲಿ ಹುಟ್ಟಲೇಬಾರದು, ಹುಟ್ಟಿದರೆ ಪರೀಕ್ಷೆ ಸೋತ ಹಾಗೆ. ಮೂರು ಮೆಷಿನ್‌ಗಳಲ್ಲಿ ಬರೆದ ಪಟ್ಟಿಗಳ ಕೀಲಿ ಸಾಲುಗಳು ಈಗ ಬೈಟ್‌ಗೆ ಬೈಟ್ ಒಂದೇ ಇವೆ.

ಬಾಕಿ ಇರುವುದು ವಿಂಗಡಣೆಯ ಕ್ರಮ. ಕೀಲಿಯನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿದರೆ ಮೂರೂ ಕಡೆ ಒಂದೇ ಕ್ರಮ ಬರುತ್ತದೆ, ಅದು ಸರಿ. ಆದರೆ ಯುನಿಕೋಡ್‌ನಲ್ಲಿ ಳ ಅಕ್ಷರ ಲ ಆದ ತಕ್ಷಣ ಕೂತಿದೆ, ವ ಶ ಷ ಸ ಹ ಎಲ್ಲಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಊರವರು ಪಟ್ಟಿ ನೋಡುವಾಗ ವರ್ಣಮಾಲೆಯ ಕ್ರಮದಲ್ಲೇ ಇರಬೇಕು. ಅದಕ್ಕೆ ಕೀಲಿ ಮಾಡುವ ಫಂಕ್ಷನ್‌ನಲ್ಲೇ ಇನ್ನೊಂದು ಸಣ್ಣ ಟೇಬಲ್ ಸೇರಿಸುತ್ತಿದ್ದೇನೆ. ಡಿಸ್ಕ್ ಮೇಲಿನ ಹೆಸರನ್ನು ಅದೂ ಮುಟ್ಟುವುದಿಲ್ಲ.